ಬೋರ್ಮಿಯೋದ ಬಿಸಿನೀರೂ ಒಂದು ಹಳೆಯ ರಜೆ ಚೀಟಿಯೂ

ಕಳೆದ ಸಂಚಿಕೆಯಲ್ಲಿ ನಮ್ಮ ಅಂಕಣ ಏಕೆ ಬರಲಿಲ್ಲವೆಂದು ಇಬ್ಬರು ವಾಚಕರು ಸಂಪಾದಕರನ್ನು ವಿಚಾರಿಸಿದರಂತೆ. ಇಬ್ಬರಾದರೂ ವಿಚಾರಿಸಿದರಲ್ಲ ಎಂದು ನಮಗೆ ಪರಮ ಸಂತೋಷವಾಯಿತು. ಅವರಲ್ಲೊಬ್ಬರು ನಮ್ಮ ಸೋದರಮಾವನೇ ಎಂದು ಆಮೇಲೆ ತಿಳಿದು ಆ ಸಂತೋಷ ಅರ್ಧಕ್ಕಿಳಿಯಿತು. ಅದಿರಲಿ. ಅಂಕಣ ಬಾರದಿದ್ದುದಕ್ಕೆ ಕಾರಣ ಇಷ್ಟೆ: ನಾವು ಊರಿನಲ್ಲಿರಲಿಲ್ಲ. ಇಟಲಿ ದೇಶಕ್ಕೆ ಹೋಗಿದ್ದೆವು.

“ಸರಕಾರಿ ಗುಮಾಸ್ತೆ ಇಟಲಿಗೆ ಹೋಗುವುದೆಂದರೇನು? ಎಲ್ಲೋ ಗಂಟು ಸಿಕ್ಕಿರಬೇಕು” ಎಂದು ವಾಚಕ ಮಹಾಶಯರು ಹುಬ್ಬೇರಿಸಬೇಕಾಗಿಲ್ಲ. ನಮ್ಮ ಮನೆಯಾಕೆಯ ತಮ್ಮ ಮಿಲಾನ್ ನಗರದಲ್ಲಿ ನೌಕರಿಯಲ್ಲಿದ್ದಾನೆ. “ಭಾವ, ವಿಮಾನದ ಟಿಕೇಟು ನಿಮ್ಮದು, ಊಟ ವಸತಿ ನನ್ನದು. ಅಕ್ಕನನ್ನೂ ಪುಟ್ಟನನ್ನೂ ಕರೆದುಕೊಂಡು ಬನ್ನಿ” ಎಂದು ಮೂರು ವರ್ಷದಿಂದ ಹೇಳುತ್ತಲೇ ಇದ್ದ. ಮೂರು ವರ್ಷ ಕೂಡಿಸಿದ ಹಣದಲ್ಲಿ ಟಿಕೇಟು ಕೊಂಡೆವು.

ಆದರೆ ಹಣ ಕೂಡಿಸುವುದಕ್ಕಿಂತ ರಜೆ ಪಡೆಯುವುದು ಕಷ್ಟ. ಸರಕಾರಿ ನೌಕರನು ಸ್ವಂತ ಖರ್ಚಿನಲ್ಲಿ ಪರದೇಶಕ್ಕೆ ಹೋಗಬೇಕಾದರೂ ಮೇಲಿನವರ ಅನುಮತಿ ಬೇಕು. ನಮ್ಮ ಅರ್ಜಿ ಮೂರು ಸಲ ಹಿಂದಕ್ಕೆ ಬಂದಿತು. ಮೊದಲನೆಯ ಸಲ, ಗೊತ್ತುಪಡಿಸಿದ ನಮೂನೆಯಲ್ಲಿಲ್ಲವೆಂದು. ಎರಡನೆಯ ಸಲ, ಹಣ ಎಲ್ಲಿಂದ ಬಂದಿತೆಂಬುದಕ್ಕೆ ವಿವರಣೆ ಸಾಲದೆಂದು. ಮೂರನೆಯ ಸಲ, ರಜೆಯ ಕಾಲದ ವಿಳಾಸವನ್ನು ಬರೆದಿಲ್ಲವೆಂದು. ವಿಳಾಸವನ್ನು ಬರೆದುಕೊಟ್ಟಾಗ ನಮ್ಮ ಸೂಪರಿಂಟೆಂಡೆಂಟರು ಕನ್ನಡಕವನ್ನು ಮೇಲೆತ್ತಿ, “ಬೋರ್ಮಿಯೋ? ಇದು ಊರೋ, ಔಷಧಿಯೋ?” ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಅದು ಊರೂ ಹೌದು, ಎರಡು ಸಾವಿರ ವರ್ಷಗಳಿಂದ ಜನ ಅದನ್ನು ಔಷಧಿಯೆಂದು ನಂಬಿದ್ದೂ ಹೌದು.

ಬೋರ್ಮಿಯೋ ಇಟಲಿಯ ಉತ್ತರದ ಅಂಚಿನಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ 1,225 ಮೀಟರ್ ಎತ್ತರದಲ್ಲಿರುವ ಸಣ್ಣ ಪಟ್ಟಣ. ಮಿಲಾನಿನಿಂದ ತಿರಾನೋ ಎಂಬ ಊರಿನವರೆಗೆ ರೈಲು. ಎರಡೂವರೆ ಗಂಟೆಯ ದಾರಿ. ಎಡಗಡೆಯ ಕಿಟಕಿಯ ಬಳಿ ಕುಳಿತರೆ ಬಹಳ ಹೊತ್ತು ಕೋಮೋ ಸರೋವರ ಜೊತೆಯಲ್ಲೇ ಬರುತ್ತದೆ. ಸರೋವರ ಮುಗಿದೊಡನೆ ರೈಲು ಬಲಕ್ಕೆ ಹೊರಳಿ ಅದ್ದಾ ನದಿಯ ಕಣಿವೆಯನ್ನು ಹೊಗುತ್ತದೆ. ಈ ಕಣಿವೆಗೆ ವಾಲ್ತೆಲ್ಲೀನಾ ಎಂದು ಹೆಸರು. ಬಿಸಿಲು ಬೀಳುವ ಗುಡ್ಡದ ಮಗ್ಗುಲಿಗೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಕಟ್ಟಿ, ಮಣ್ಣು ತುಂಬಿ ದ್ರಾಕ್ಷಿ ಬೆಳೆಸಿದ್ದಾರೆ. ಗಾರೆಯಿಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು. ನಮ್ಮ ಪುತ್ತೂರು ಕಡೆಯ ಗುಡ್ಡದ ಅಡಿಕೆ ತೋಟಗಳ ಕಟ್ಟಪುಣಿ ನೋಡಿದವರಿಗೆ ಆ ಶ್ರಮ ಎಷ್ಟೆಂಬುದು ತಿಳಿದೀತು.

ತಿರಾನೋದಿಂದ ಮುಂದೆ ಬಸ್ಸು, ಸುಮಾರು ಒಂದು ಗಂಟೆ. ಬೋರ್ಮಿಯೋ ಸಮೀಪಿಸುತ್ತಿದ್ದಂತೆ ನಮ್ಮ ಭಾಮೈದ ಒಂದು ಬೆಟ್ಟದತ್ತ ಕೈತೋರಿಸಿದ. ಬೆಟ್ಟದ ಮೈಯಲ್ಲಿ ನೆತ್ತಿಯಿಂದ ಬುಡದವರೆಗೆ ಒಂದು ದೊಡ್ಡ ಗಾಯದ ಗುರುತು. 1987ನೆಯ ಇಸವಿಯ ಜುಲೈಯಲ್ಲಿ ಇಲ್ಲಿ ಅತಿವೃಷ್ಟಿಯಾಗಿ, 28ನೆಯ ತಾರೀಖು ಬೆಳಗ್ಗೆ ಸುಮಾರು ನಾಲ್ಕು ಕೋಟಿ ಘನ ಮೀಟರಿನಷ್ಟು ಕಲ್ಲು ಮಣ್ಣು ಒಮ್ಮೆಗೇ ಜಾರಿತಂತೆ. ಸಾಂತ್ ಆಂತೋನಿಯೋ ಮೊರಿನ್ಯೋನೆ ಎಂಬ ಹಳ್ಳಿ ಅದರಡಿಯಲ್ಲಿ ಹುಗಿದುಹೋಯಿತು. ಅದ್ದಾ ನದಿಗೆ ಅಡ್ಡಕಟ್ಟೆ ಬಿದ್ದಿತು. ಆ ಹಳ್ಳಿಯವರನ್ನು ಮೊದಲೇ ಖಾಲಿ ಮಾಡಿಸಿದ್ದರೂ, ಮಣ್ಣು ಬಿದ್ದ ರಭಸಕ್ಕೆ ನೀರು ಎದ್ದು ನೆರೆಯ ಹಳ್ಳಿಗೆ ಬಡಿದು ಜನ ಸತ್ತರು. ಬಸ್ಸಿನಲ್ಲಿ ಅಷ್ಟು ಹೊತ್ತು ಮಾತಾಡುತ್ತಿದ್ದ ನಮ್ಮ ಪುಟ್ಟ ಸುಮ್ಮನಾದ. ಬೆಟ್ಟದ ನಾಡಿನಲ್ಲಿ ಬದುಕುವವರು ಬೆಟ್ಟ ಕೊಡುವುದನ್ನೂ ಕಸಿಯುವುದನ್ನೂ ಒಟ್ಟಿಗೇ ಅನುಭವಿಸಬೇಕು. ಬಿಸಿನೀರು ಕೊಡುವ ಭಾಗ್ಯದ ಕತೆಯನ್ನು ಹೇಳುವ ಮೊದಲು ಇದನ್ನೂ ಹೇಳಿಬಿಡುವುದು ನ್ಯಾಯವೆಂದು ಬರೆದೆವು.

ಊರು ಚಿಕ್ಕದು, ಚೊಕ್ಕಟ. ಕಲ್ಲು ಹಾಸಿದ ಓಣಿಗಳು, ಮಧ್ಯದಲ್ಲಿ ಒಂದು ಚೌಕ. ಚೌಕದಲ್ಲಿ ಗೋಡೆಯಿಲ್ಲದೆ ಮೇಲೆ ಮಾಡು ಮಾತ್ರ ಇರುವ ಒಂದು ಹಳೆಯ ಮಂಟಪವಿದೆ. ಅದನ್ನು ಊರವರು ‘ಕ್ವೆರ್ಚ್’ ಎನ್ನುತ್ತಾರೆ; ಅವರ ಆಡುಮಾತಿನಲ್ಲಿ ‘ಮುಚ್ಚಳ’ ಎಂದರ್ಥ. ಹಿಂದೆ ಊರಿನ ನ್ಯಾಯ ತೀರ್ಮಾನವೆಲ್ಲ ಅಲ್ಲಿಯೇ, ಎಲ್ಲರೆದುರಿಗೆ. ಪಕ್ಕದ ಗಡಿಯಾರದ ಗೋಪುರದ ಗಂಟೆ ಬಾರಿಸಿದರೆ ಜನ ಬಂದು ಸೇರಬೇಕು. ನಮ್ಮ ಹಳ್ಳಿಗಳ ಅರಳಿಕಟ್ಟೆಗೆ ಮಾಡು ಹೊದೆಸಿದರೆ ಹೇಗೋ ಹಾಗೆ.

ಚಳಿಗಾಲದಲ್ಲಿ ಇದು ಹಿಮದ ಮೇಲೆ ಜಾರುವವರ ಊರು. 1985ರಲ್ಲಿಯೂ 2005ರಲ್ಲಿಯೂ ಸ್ಕೀ ಆಟದ ವಿಶ್ವಸ್ಪರ್ಧೆಗಳು ಇಲ್ಲಿ ನಡೆದವು. 2026ರ ಚಳಿಗಾಲದ ಒಲಿಂಪಿಕ್ಸಿನ ಪುರುಷರ ಆಲ್ಪೈನ್ ಸ್ಕೀ ಸ್ಪರ್ಧೆಗೂ ಇದನ್ನೇ ಆರಿಸಿದರು. ನಾವು ಹೋದದ್ದು ಮೇ ತಿಂಗಳ ಕೊನೆಗೆ. ಹಿಮ ಬೆಟ್ಟದ ತುದಿಗಳಲ್ಲಿ ಮಾತ್ರ ಉಳಿದಿತ್ತು. ಅಷ್ಟಕ್ಕೇ ನಾವು ಮುಂಬಯಿಯಿಂದ ಹೊತ್ತೊಯ್ದ ಸ್ವೆಟರುಗಳನ್ನೆಲ್ಲ ಒಂದರ ಮೇಲೊಂದು ತೊಟ್ಟು ಓಡಾಡುತ್ತಿದ್ದೆವು; ಊರವರು ಅರ್ಧ ತೋಳಿನ ಅಂಗಿಯಲ್ಲಿದ್ದರು.

ಊಟದ ಚಿಂತೆ ಮನೆಯಾಕೆಗಿತ್ತು. ಅದನ್ನು ಪಿತ್ಸೋಕೆರಿ ಎಂಬ ಪದಾರ್ಥ ಪರಿಹರಿಸಿತು. ಅಗಲವಾದ ಪಟ್ಟಿಪಟ್ಟಿ ಶಾವಿಗೆ. ಜೊತೆಗೆ ಎಲೆಕೋಸು, ಆಲೂಗಡ್ಡೆ, ಚೀಸು, ಬೆಣ್ಣೆ, ಬೆಳ್ಳುಳ್ಳಿ. ಶಾವಿಗೆಯ ಹಿಟ್ಟು ಯಾವುದೆಂದು ವಿಚಾರಿಸಿದರೆ, ನಮ್ಮ ಮುಂಬಯಿಯ ಅಂಗಡಿಗಳಲ್ಲಿ ಉಪವಾಸದ ದಿನಗಳಿಗೆಂದು ಮಾರುವ ಕುಟ್ಟೂ ಹಿಟ್ಟೇ! “ಇಷ್ಟು ಬೆಣ್ಣೆ ಹಾಕಿ ಉಪವಾಸ ಮಾಡುವುದಾದರೆ ನಾವು ದಿನಾ ಮಾಡುತ್ತೇವೆ” ಎಂದು ಮನೆಯಾಕೆ ಎರಡನೆಯ ಸಲ ಬಡಿಸಿಕೊಂಡಳು.

ಇನ್ನು ನೀರಿನ ವಿಷಯ. ಬೋರ್ಮಿಯೋದಲ್ಲಿ ಒಂಬತ್ತು ಬಿಸಿನೀರಿನ ಬುಗ್ಗೆಗಳಿವೆ. ನೀರಿನ ಶಾಖ ಸುಮಾರು 36ರಿಂದ 43 ಡಿಗ್ರಿಯವರೆಗೆ. ಅಂದರೆ ಅಭ್ಯಂಜನದ ದಿನ ನಮ್ಮ ಅಜ್ಜಿ ಹಂಡೆಯಲ್ಲಿ ಹದ ಮಾಡಿ ಹೊಯ್ಯುತ್ತಿದ್ದ ನೀರಿನಷ್ಟೆ. ಇಲ್ಲಿ ಹದ ಮಾಡುವ ಅಜ್ಜಿ ಭೂಮಿ. ಬೆಟ್ಟದ ಮೇಲೆ ಬಿದ್ದ ಮಳೆ ಮತ್ತು ಹಿಮದ ನೀರು ಬಂಡೆಯ ಬಿರುಕುಗಳಲ್ಲಿ ಕೆಳಕ್ಕೆ ಇಳಿಯುತ್ತದೆ. ಒಂದು ಕಿಲೋಮೀಟರ್ ಕೆಳಗೆ ಹೋದಂತೆ ನೆಲದ ಶಾಖ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಏರುತ್ತದೆ. ಹಾಗೆ ಕಾದ ನೀರು ಭೂಮಿಯ ಪದರಗಳು ಒಡೆದ ಜಾಗ ಸಿಕ್ಕಿದೊಡನೆ, ದಾರಿಯಲ್ಲಿ ಕಲ್ಲಿನ ಲವಣಗಳನ್ನು ಕರಗಿಸಿಕೊಂಡು, ಮೇಲಕ್ಕೆ ಬರುತ್ತದೆ. ಸೌದೆಯಿಲ್ಲ, ಒಲೆಯಿಲ್ಲ, ತಿಂಗಳ ಕೊನೆಗೆ ಗ್ಯಾಸಿನ ಸಿಲಿಂಡರು ಮುಗಿಯುವ ಭಯವಿಲ್ಲ.

ಊರಿನ ಹೆಸರಿಗೂ ಈ ಶಾಖಕ್ಕೂ ಸಂಬಂಧವುಂಟು. ಜರ್ಮನ್ ಭಾಷೆಯವರು ಬೋರ್ಮಿಯೋವನ್ನು ಹಿಂದೆ ‘ವೋರ್ಮ್ಸ್’ ಎನ್ನುತ್ತಿದ್ದರು. ಈ ಹೆಸರು, ಜರ್ಮನ್ ಭಾಷೆಯ ‘ವಾರ್ಮ್’, ಸಂಸ್ಕೃತದ ‘ಘರ್ಮ’ ಎಲ್ಲಕ್ಕೂ ಮೂಲ ಒಂದೇ ಎಂದು ಕೆಲವು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಎಲ್ಲರೂ ಇದನ್ನು ಒಪ್ಪಿಲ್ಲ. ಆದರೂ ಬೆವರಿಗೆ ‘ಘರ್ಮಜಲ’ ಎನ್ನುವ ನಮಗೆ, ಆಲ್ಪ್ಸ್ ಬೆಟ್ಟದ ಮೇಲೆ ಆ ಮಾತಿನ ನೆಂಟ ಸಿಕ್ಕಿದಂತೆ ಆಯಿತು.

ಮೊದಲ ದಿನ ಊರೊಳಗಿನ ಸ್ನಾನಗೃಹಕ್ಕೆ ಎಲ್ಲರೂ ಹೋದೆವು. ಅಲ್ಲಿ ಮಕ್ಕಳಿಗೂ ಕೊಳವಿದೆ. ಪುಟ್ಟನನ್ನು ನೀರಿಗಿಳಿಸುವುದಕ್ಕೆ ಐದು ನಿಮಿಷ, ನೀರಿನಿಂದ ಎಬ್ಬಿಸುವುದಕ್ಕೆ ಐವತ್ತು ನಿಮಿಷ ಬೇಕಾಯಿತು. ಎರಡನೆಯ ದಿನ ಮನೆಯಾಕೆ ಮಗನೊಡನೆ ಪೇಟೆ ನೋಡಹೋದಳು. ನಾವೂ ಭಾಮೈದನೂ ಊರಿನಿಂದ ಎರಡು ಮೂರು ಕಿಲೋಮೀಟರ್ ಮೇಲಿರುವ ‘ಹಳೆಯ ಸ್ನಾನಘಟ್ಟ’ಕ್ಕೆ ಹೊರಟೆವು. ಅಲ್ಲಿಗೆ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ಟಿಕೇಟಿನ ದರವನ್ನು ರೂಪಾಯಿಗೆ ತಿರುಗಿಸಿ ನೋಡಿದರೆ ನಮ್ಮ ಮನೆಯ ಎರಡು ತಿಂಗಳ ಹಾಲಿನ ಬಾಬ್ತು. “ಭಾವ, ಲೆಕ್ಕ ಹಾಕಬೇಡಿ, ಬನ್ನಿ” ಎಂದು ಅವನು ಕೈಹಿಡಿದು ಎಳೆದುಕೊಂಡು ಹೋದ.

ಆ ದಾರಿಯೇ ಒಂದು ಚರಿತ್ರೆ. ಸ್ಟೆಲ್ವಿಯೋ ಕಣಿವೆಮಾರ್ಗವೆಂಬ, 2,757 ಮೀಟರ್ ಎತ್ತರಕ್ಕೆ ಏರುವ ರಸ್ತೆ ಅದು. ಆಸ್ಟ್ರಿಯಾದ ದೊರೆತನದಲ್ಲಿ ಕಾರ್ಲೋ ದೊನೆಗಾನಿ ಎಂಬ ಇಂಜಿನಿಯರು 1820ರಿಂದ 1825ರ ಒಳಗೆ ಅದನ್ನು ಕಟ್ಟಿಸಿದ. ತೊಂಬತ್ತು ವರ್ಷಗಳ ಮೇಲೆ, 1915ರಿಂದ 1918ರವರೆಗೆ, ಅದೇ ಎತ್ತರದ ಹಿಮದಲ್ಲಿ ಇಟಲಿಯ ಮತ್ತು ಆಸ್ಟ್ರಿಯಾದ ಸೈನಿಕರು ಎದುರುಬದುರು ಕುಳಿತು ಕಾದಾಡಿದರು.

ಸ್ನಾನಘಟ್ಟ ಬಂಡೆಗೆ ಅಂಟಿಕೊಂಡಂತಿದೆ. ಕೆಳಗೆ ಅದ್ದಾ ನದಿಯ ಕಮರಿ. ಹಳೆಯ ಕಲ್ಲಿನ ಕೊಳಗಳು ಒಂದು ಕಡೆ. ಬೆಟ್ಟದೊಳಕ್ಕೆ ಕೊರೆದ ಒಂದು ಗುಹೆ ಇನ್ನೊಂದು ಕಡೆ. ಗುಹೆಯಲ್ಲಿ ನೀರಿನ ಹಬೆ ತುಂಬಿ, ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕನ್ನಡಕವೂ ಕಾಣದು, ಕಣ್ಣೂ ಕಾಣದು. ಹೊರಗೆ ಬಂಡೆಯ ಅಂಚಿನಲ್ಲಿ ಒಂದು ಬಯಲು ಕೊಳ. ಕುತ್ತಿಗೆಯವರೆಗೆ ಬಿಸಿನೀರು, ತಲೆಗೆ ತಣ್ಣನೆಯ ಗಾಳಿ, ಎದುರಿಗೆ ಹಿಮದ ಬೆಟ್ಟ, ಕೆಳಗೆ ಇಡೀ ಬೋರ್ಮಿಯೋ. ಹದಿನಾಲ್ಕು ವರ್ಷ ಕುರ್ಚಿಯಲ್ಲಿ ಕುಳಿತು ಮಡಿಚಿಹೋಗಿದ್ದ ನಮ್ಮ ಬೆನ್ನು ಅಲ್ಲಿ ಮೊದಲ ಸಲ ನೆಟ್ಟಗಾಯಿತು.

ಅದೇ ಕೊಳದಲ್ಲಿ ಒಬ್ಬ ಮುದುಕರು ಕಣ್ಣುಮುಚ್ಚಿ ಕುಳಿತಿದ್ದರು. ರೈಲ್ವೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ನಮ್ಮ ಭಾಮೈದನೊಡನೆ ಮಾತಿಗಿಳಿದು, ನಮಗೇನು ಉದ್ಯೋಗವೆಂದು ಕೇಳಿದರು. ಸರಕಾರಿ ಗುಮಾಸ್ತೆ ಎಂದು ಅವನು ತಿಳಿಸಿದ. ಮುದುಕರು ಗಟ್ಟಿಯಾಗಿ ನಕ್ಕು, “ಹಾಗಾದರೆ ಇವರು ಸರಿಯಾದ ಜಾಗಕ್ಕೇ ಬಂದಿದ್ದಾರೆ. ಈ ನೀರಿನ ಹೆಸರು ಉಳಿದದ್ದೇ ಒಂದು ಸರಕಾರಿ ಕಾಗದದಿಂದ” ಎಂದರು. ಒಂಬತ್ತು ಬುಗ್ಗೆಗಳಲ್ಲಿ ಒಂದಕ್ಕೆ ‘ಕಸ್ಸಿಯೊದೋರಾ’ ಎಂದು ಹೆಸರು. ಆ ಕಾಗದ ಬರೆದವನ ಹೆಸರೇ ಅದು ಎಂದೂ ಹೇಳಿದರು.

ಊರಿಗೆ ಮರಳಿದ ಮೇಲೆ ನಾವು ಆ ಕಾಗದವನ್ನು ಹುಡುಕಿ, ಥಾಮಸ್ ಹಾಡ್ಜ್‌ಕಿನ್ ಎಂಬವರು 1886ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಸಂಗ್ರಹದಲ್ಲಿ ಓದಿದೆವು. ಸಂಗತಿ ಹೀಗಿದೆ. ರೋಮ್ ಸಾಮ್ರಾಜ್ಯ ಪಶ್ಚಿಮದಲ್ಲಿ ಬಿದ್ದುಹೋದ ಮೇಲೆ ಇಟಲಿಯನ್ನು ಆಸ್ಟ್ರೋಗಾಥರೆಂಬ ಜನಾಂಗದ ಅರಸರು ಆಳಿದರು. ಅವರಲ್ಲಿ ಥಿಯೊಡಹಾಡನೆಂಬವನು ಕ್ರಿ.ಶ. 534ರಿಂದ 536ರವರೆಗೆ ರಾಜನಾಗಿದ್ದ. ಅರಸರ ಪತ್ರವ್ಯವಹಾರವನ್ನೆಲ್ಲ ಲ್ಯಾಟಿನ್ ಭಾಷೆಯಲ್ಲಿ ಬರೆದುಕೊಡುತ್ತಿದ್ದವನು ಕಸ್ಸಿಯೊದೋರಸ್ ಎಂಬ ಮಂತ್ರಿ. ಪಾವಿಯಾ ಪಟ್ಟಣದ ಆಡಳಿತಕ್ಕೆ ನೇಮಕವಾಗಿದ್ದ ವಿನುಸಿಯಾಡ್ ಎಂಬ ಅಧಿಕಾರಿಗೆ ವಾತರಕ್ತ, ಅಂದರೆ ಇಂದಿನ ಡಾಕ್ಟರರು ಗೌಟ್ ಎನ್ನುವ ಕೀಲುಬೇನೆ. ಬೋರ್ಮಿಯೋದ ನೀರಿಗೆ ಹೋಗಿ ಬರಲು ಅವನು ಅನುಮತಿ ಕೇಳಿದ. ರಾಜನ ಉತ್ತರವೇ ಆ ಕಾಗದ. ಹೋಗಿ ಬಾ, ಗುಣವಾಗಿ ಬಾ ಎಂಬುದು ಅದರ ಸಾರಾಂಶ. ಅಷ್ಟೇ ಅಲ್ಲ; ಕೀಲುಗಳನ್ನು ಕಟ್ಟಿಹಾಕಿ ಮನುಷ್ಯನನ್ನು ಪರಾಧೀನ ಮಾಡುವ ಆ ಬೇನೆಯ ಬಗ್ಗೆ ಮರುಕದಿಂದ ನಾಲ್ಕು ಮಾತೂ ಬರೆದಿದೆ.

ಈ ಕಾಗದ ಹೊರಟ ಕಾಲವನ್ನು ವಾಚಕರು ಗಮನಿಸಬೇಕು. ರಾಜ್ಯಕ್ಕೆ ಗಂಡಾಂತರ ಒದಗಿದ್ದ ವರ್ಷಗಳು ಅವು. ಚಕ್ರವರ್ತಿ ಜಸ್ಟಿನಿಯನ್ನನ ಸೇನಾಪತಿ ಬೆಲಿಸೇರಿಯಸನು 535ರಲ್ಲಿ ಸಿಸಿಲಿಯನ್ನು ಹಿಡಿದ. 536ರ ಡಿಸೆಂಬರಿನಲ್ಲಿ ರೋಮ್ ನಗರವನ್ನು ಹೊಕ್ಕ. ಅದೇ ತಿಂಗಳಲ್ಲಿ ಥಿಯೊಡಹಾಡ್ ತನ್ನವರ ಕೈಯಿಂದಲೇ ಸತ್ತ. ಅಂಥ ಹೊತ್ತಿನಲ್ಲಿಯೂ ಒಬ್ಬ ಅಧಿಕಾರಿಯ ಕೀಲುಬೇನೆಗೆ ರಜೆ ಮಂಜೂರಾಯಿತು! ಆ ರಾಜ ಒಳ್ಳೆಯವನೇನೂ ಅಲ್ಲ. ತನ್ನನ್ನು ಸಿಂಹಾಸನಕ್ಕೆ ಕರೆದ ಅಮಲಸುಂತಾ ರಾಣಿಯನ್ನೇ ಸೆರೆಗೆ ಹಾಕಿದವನು, ಅವಳು ಸೆರೆಯಲ್ಲೇ ಕೊಲೆಯಾದಳು. ಆದರೂ ಕಚೇರಿಯ ಒಂದು ಒಳ್ಳೆಯ ಕಾಗದ ಅವನ ಹೆಸರಿನಲ್ಲಿ ಹೊರಟಿತು. ಕಸ್ಸಿಯೊದೋರಸನು ತಾನು ಬರೆದ 468 ಕಾಗದಗಳನ್ನು ಹನ್ನೆರಡು ಭಾಗಗಳಾಗಿ ಜೋಡಿಸಿಟ್ಟ. ರಾಜ್ಯ ಹೋಯಿತು, ರಾಜ ಹೋದ, ಕಡತ ಉಳಿಯಿತು. ಗುಮಾಸ್ತೆಯಾದವನಿಗೆ ಇದಕ್ಕಿಂತ ಸಮಾಧಾನದ ಮಾತು ಬೇರೊಂದಿಲ್ಲ.

ಆ ಕೌಂಟನಿಗೆ ಬೇನೆ ಗುಣವಾಯಿತೇ ಎಂಬುದು ಆ ಕಾಗದದಲ್ಲಿಲ್ಲ. ಗೌಟ್ ಬೇನೆ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ ಬರುವಂಥದು. ಅದಕ್ಕೆ ಔಷಧಿಯೇ ಬೇಕೆಂದು ಈಗ ಎಲ್ಲರಿಗೂ ಗೊತ್ತು. ಬಿಸಿನೀರು ಬಿಗಿದ ಕೀಲನ್ನು ಸ್ವಲ್ಪ ಹೊತ್ತು ಸಡಿಲಿಸೀತು, ಮನಸ್ಸಿಗೆ ಹಿತ ಕೊಟ್ಟೀತು. ಹೃದಯದ ತೊಂದರೆ ಇರುವವರು ಡಾಕ್ಟರರನ್ನು ಕೇಳದೆ ಅದಕ್ಕೆ ಇಳಿಯಬಾರದು. ಇಷ್ಟನ್ನು ಹೇಳದಿದ್ದರೆ ನಾಳೆ ಯಾರಾದರೂ ನಮ್ಮ ಅಂಕಣ ಓದಿ ಮಾತ್ರೆ ಬಿಟ್ಟಾರು.

ನಿಜ ಹೇಳಬೇಕೆಂದರೆ, ಕೊಳದಲ್ಲಿ ಕುಳಿತಾಗ ನಮಗೆ ನೆನಪಾದದ್ದು ರಾಜನಲ್ಲ, ನಮ್ಮ ತಂದೆಯವರು. ಅವರೂ ಗುಮಾಸ್ತೆಯೇ. ಪುತ್ತೂರು ತಾಲೂಕಿನಿಂದ ಮುಂಬಯಿಗೆ ಬಂದು ಮೂವತ್ತೈದು ವರ್ಷ ಕೆಲಸ ಮಾಡಿದರು. ಹುಡುಗರಾಗಿದ್ದಾಗ ಇರ್ದೆಯ ಬೆಂದ್ರ್ ತೀರ್ಥದ ಬಿಸಿನೀರಿನಲ್ಲಿ ಮಿಂದವರು. ನಲವತ್ತೈದಕ್ಕೆ ಮಂಡಿನೋವು ಹಿಡಿಯಿತು. “ಅಪ್ಪ, ವಜ್ರೇಶ್ವರಿಯ ಬಿಸಿನೀರಿಗೆ ಒಮ್ಮೆ ಹೋಗಿ ಬನ್ನಿ, ಬಸ್ಸಿನಲ್ಲಿ ಅರ್ಧ ದಿನದ ದಾರಿ ಅಷ್ಟೆ” ಎಂದು ನಾವು ಹೇಳಿದಾಗೆಲ್ಲ, “ಬರುವ ತಿಂಗಳು ನೋಡುವ” ಎನ್ನುವರು. ಆ ತಿಂಗಳು ಬರಲೇ ಇಲ್ಲ. ನಿವೃತ್ತಿಯ ದಿನ ಅವರ ಲೆಕ್ಕದಲ್ಲಿ ಮುನ್ನೂರು ದಿನದ ಇ.ಎಲ್. ಹಾಗೆಯೇ ಇತ್ತು. ಅದನ್ನು ಹಣ ಮಾಡಿಕೊಂಡು ನಮ್ಮ ತಂಗಿಯ ಮದುವೆ ಮಾಡಿದರು. ಅವರ ರಜೆಯೆಲ್ಲ ಚಪ್ಪರಕ್ಕೂ ಊಟಕ್ಕೂ ಹೋಯಿತು. ಆಗ ನಾವು ಅದನ್ನು ಜಾಣತನವೆಂದು ಹೊಗಳಿದ್ದೆವು. ಬೋರ್ಮಿಯೋದ ನೀರಿನಲ್ಲಿ ಕುಳಿತು ನೆನೆದಾಗ ನಾಚಿಕೆಯಾಯಿತು. ನಮಗೆ ಇಟಲಿಯವರೆಗೆ ಹೋಗಿ ಬರಲು ದಾರಿ ತಿಳಿಯಿತು. ತಂದೆಯವರನ್ನು ಎಂಬತ್ತು ಕಿಲೋಮೀಟರ್ ಕರೆದೊಯ್ಯಲು ತಿಳಿಯಲಿಲ್ಲ.

ಮರಳಿ ಬಂದ ಎರಡನೆಯ ವಾರವೇ ಒಂದು ದಿನದ ಸಿ.ಎಲ್. ಬರೆದುಕೊಟ್ಟೆವು. ಸೂಪರಿಂಟೆಂಡೆಂಟರು, “ಈಗ ತಾನೆ ಬಂದಿರಿ, ಮತ್ತೆ ರಜೆಯೇ?” ಎಂದರು. ವಿನುಸಿಯಾಡನ ಕತೆಯನ್ನು ಚುಟುಕಾಗಿ ಹೇಳಿದೆವು. ಅವರು ಒಂದು ನಿಮಿಷ ಸುಮ್ಮನಿದ್ದು ರುಜು ಹಾಕಿದರು; ಆಮೇಲೆ, “ನಮ್ಮ ತಾಯಿಯವರಿಗೂ ಮಂಡಿನೋವು. ಅಲ್ಲಿ ಮೆಟ್ಟಿಲು ಬಹಳವೇ, ನೋಡಿಕೊಂಡು ಬನ್ನಿ” ಎಂದರು.

ತಾನ್ಸಾ ನದಿಯ ದಂಡೆಯ ಬಿಸಿನೀರಿನ ಕುಂಡಕ್ಕೆ ತಂದೆಯವರನ್ನು ಕೈಹಿಡಿದು ಇಳಿಸಿದೆವು. ಬೋರ್ಮಿಯೋದ ಅಂದ ಚೆಂದ ಇಲ್ಲಿಲ್ಲ. ಹಿಮದ ಬೆಟ್ಟವಿಲ್ಲ, ಬಿಳಿಯ ಟವೆಲಿಲ್ಲ, ಜನಜಂಗುಳಿ ಬೇಕಾದಷ್ಟಿದೆ. ನೀರು ಮಾತ್ರ ಅದೇ ಭೂಮಿತಾಯಿಯ ಹಂಡೆಯದು. ತಂದೆಯವರು ಮಂಡಿಯವರೆಗೆ ನೀರಿನಲ್ಲಿ ಕಾಲಿಟ್ಟು ಕುಳಿತು, ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮ್ಮ ಬೆಂದ್ರ್ ತೀರ್ಥದ ನೀರು ಇಷ್ಟು ಸುಡುವುದಿಲ್ಲ ಮಾರಾಯ” ಎಂದರು.

“ಅಲ್ಲಿಗೂ ಹೋಗುವ, ಅಪ್ಪ” ಎಂದೆವು.

“ಹೂಂ. ಬರುವ ತಿಂಗಳು ನೋಡುವ” ಎಂದರು.

ಅದೇ ರಾತ್ರಿ ಮತ್ಸ್ಯಗಂಧಾ ರೈಲಿಗೆ ಎರಡು ಟಿಕೇಟು ತೆಗೆದೆವು. ಈ ಸಂಚಿಕೆ ತಮ್ಮ ಕೈ ಸೇರುವ ಹೊತ್ತಿಗೆ ನಾವು ಪುತ್ತೂರಿನಲ್ಲಿರುತ್ತೇವೆ. ಆದುದರಿಂದ ಮುಂದಿನ ಸಂಚಿಕೆಯಲ್ಲಿ ಅಂಕಣ ಬಾರದಿದ್ದರೆ ಸೋದರಮಾವನವರು ಸಂಪಾದಕರನ್ನು ಕಾಡಬಾರದಾಗಿ ಪ್ರಾರ್ಥನೆ. ವಾಚಕರಲ್ಲಿ ಯಾರ ಮನೆಯಲ್ಲಾದರೂ ‘ಬರುವ ತಿಂಗಳು’ ಎನ್ನುವ ಹಿರಿಯರಿದ್ದರೆ, ಅವರ ಮಾತನ್ನು ನಂಬದೆ ಇಂದೇ ಒಂದು ಅರ್ಜಿ ಬರೆಯಿರಿ. ನಮೂನೆ ಸರಿಯಾಗಿರಲಿ, ರಜೆಯ ಕಾಲದ ವಿಳಾಸ ಮರೆಯಬೇಡಿ.